ಕಂದು ಸ್ಕ್ಯಾಪ್ಯುಲರ್: ಬಟ್ಟೆಗೆ ನಾಲ್ಕು ಸ್ಟಾರ್, ಜೊತೆಗೆ ಬಂದ ಚೀಟಿಗೆ ಒಂದೇ

ನಾನು ಟೈಲರ್. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಪಿಕೋ, ಇದೇ ದಿನದ ಕೆಲಸ. ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತೇನೆ. ದೇವರ ಸಾಮಾನಾದರೂ ಅಷ್ಟೇ. ಈ ವರ್ಷ ತಂಗಿಯ ಮಗಳಿಗೆ ಪ್ರಥಮ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ ಪಡೆಯುವ ದಿನ) ಇತ್ತು. ಉಡುಗೊರೆ ಕೊಡೋಣ ಅಂತ ಕಂದು ಸ್ಕ್ಯಾಪ್ಯುಲರ್ ಹುಡುಕಲು ಹೊರಟೆ. ಒಂದು ಕೊಳ್ಳುವ ಕಡೆ ಮೂರು ಬಗೆಯದನ್ನು ಕೊಂಡೆ. ಅವುಗಳದ್ದೇ ಈ ವಿಮರ್ಶೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸ್ಕ್ಯಾಪ್ಯುಲರ್ ಅಂದರೆ ಕಂದು ಬಣ್ಣದ ಎರಡು ಪುಟ್ಟ ಬಟ್ಟೆ ತುಂಡು, ನಡುವೆ ಎರಡು ದಾರ. ತಲೆಯ ಮೇಲಿಂದ ಹಾಕಿಕೊಂಡರೆ ಒಂದು ತುಂಡು ಎದೆಯ ಮೇಲೆ, ಇನ್ನೊಂದು ಬೆನ್ನಿನ ಮೇಲೆ ಕೂರುತ್ತದೆ. ಮೂಲದಲ್ಲಿ ಇದು ಸನ್ಯಾಸಿಗಳ ಉಡುಪಿನ ಭಾಗ. ಹೆಗಲಿನಿಂದ ಮೊಣಕಾಲಿನ ಕೆಳಗೆ ಇಳಿಯುವ ಉದ್ದನೆಯ ಪಟ್ಟಿ, ಕೆಲಸ ಮಾಡುವಾಗ ಅಂಗಿ ಕೊಳೆಯಾಗದಿರಲಿ ಅಂತ. ಕಾರ್ಮೆಲ್ ಸಭೆಯ ಸನ್ಯಾಸಿಗಳದ್ದು ಕಂದು ಬಣ್ಣ. ಮನೆಮಠ ಇರುವ ನಮ್ಮಂಥವರು ಅಷ್ಟುದ್ದದ್ದು ಹಾಕಿಕೊಂಡು ಬಸ್ಸು ಹತ್ತುವುದಕ್ಕಾಗುತ್ತಾ? ಅದಕ್ಕೇ ಈ ಪುಟಾಣಿ ಆವೃತ್ತಿ. ಜುಲೈ 16ರಂದು ಕಾರ್ಮೆಲ್ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಹಬ್ಬ. ಆ ದಿನ ಅನೇಕ ಚರ್ಚುಗಳಲ್ಲಿ ಜನ ಇದನ್ನು ತೊಡಿಸಿಕೊಳ್ಳುತ್ತಾರೆ.

ಮೊದಲನೆಯದು ಚರ್ಚ್ ಬಾಗಿಲ ಹೊರಗಿನ ಅಂಗಡಿಯದ್ದು. ಮೇಣದ ಬತ್ತಿ, ಜಪಸರ, ಹೂವಿನ ಹಾರದ ನಡುವೆ ಗೊಂಚಲಾಗಿ ನೇತು ಹಾಕಿದ್ದರು. ಮೂವತ್ತು ರೂಪಾಯಿ. ಎರಡನೆಯದೂ ಅದೇ ಅಂಗಡಿಯದ್ದು, ಆದರೆ ತುಂಡುಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿ ಸೀಲ್ ಮಾಡಿದ್ದು. ಐವತ್ತು. ಮೂರನೆಯದು ಕಾನ್ವೆಂಟಿನ ಸಿಸ್ಟರುಗಳು ಕೈಯಲ್ಲೇ ಹೊಲಿದಿದ್ದು. ಅದಕ್ಕೆ ಬೆಲೆ ಅಂತ ಇರಲಿಲ್ಲ, ಕಾಣಿಕೆ ಡಬ್ಬಿ ತೋರಿಸಿದರು. ಇನ್ನೂರು ಹಾಕಿದೆ.

ಮೂವತ್ತು ರೂಪಾಯಿಯದನ್ನು ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಯಿತು, ಇದು ಉಣ್ಣೆ ಅಲ್ಲ. ಆದರೂ ಪರೀಕ್ಷೆ ಮಾಡದೆ ಮಾತಾಡಬಾರದು. ಅಂಚಿನಿಂದ ಒಂದು ಎಳೆ ಎಳೆದು ಬೆಂಕಿಕಡ್ಡಿ ಗೀರಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಉಳಿದ ಕರಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತೆ. ಇದು ಕರಗಿ ಸಣ್ಣ ಮಣಿಯಾಗಿ ಗಟ್ಟಿಯಾಯಿತು. ಪಕ್ಕಾ ಪಾಲಿಯೆಸ್ಟರ್ ಫೆಲ್ಟ್. (ಮಂತ್ರಿಸದ ಸಾಮಾನು, ಅದೂ ಒಂದೇ ಎಳೆ. ಅಪಚಾರ ಅಂತ ಯಾರೂ ಬೈಯಬೇಡಿ.) ಅಂಚಿಗೆ ಓವರ್‌ಲಾಕ್ ಇಲ್ಲ. ಮಾತೆಯ ಚಿತ್ರವನ್ನು ಬೇರೆ ತೆಳು ಬಟ್ಟೆಯ ಮೇಲೆ ಅಚ್ಚು ಹಾಕಿ ಗೋಂದಿನಿಂದ ಅಂಟಿಸಿದ್ದಾರೆ. ದಾರ ನೈಲಾನ್. ಸೆಕೆಯಲ್ಲಿ ಕತ್ತಿನ ಹಿಂದೆ ಉಜ್ಜಿ ಉಜ್ಜಿ ಕೆಂಪಾಗುತ್ತೆ. ಒಂದು ವಾರ ನಾನೇ ಹಾಕಿಕೊಂಡು ನೋಡಿದೆ. ಬಿಳಿ ಪೆಟಿಕೋಟಿಗೆ ಕಂದು ಬಣ್ಣ ಹತ್ತಿತು.

ಪ್ಲಾಸ್ಟಿಕ್ ಕವರಿನದ್ದು ಬಣ್ಣ ಬಿಡುವುದಿಲ್ಲ, ಅದೊಂದು ಸಮಾಧಾನ. ಆದರೆ ಒಳಗೆ ಬೆವರು ಹೋಗಿ ಮಂಜು ಕಟ್ಟುತ್ತೆ, ಮೂಲೆ ಚುಚ್ಚುತ್ತೆ. ಮಲಗಿದಾಗ ಚರಪರ ಸದ್ದು ಬೇರೆ. ನನ್ನ ಮನೆಯವರು ಎರಡನೇ ರಾತ್ರಿಯೇ "ಅದೇನು ಬಿಸ್ಕತ್ ಪ್ಯಾಕೆಟ್ ಇಟ್ಕೊಂಡು ಮಲಗಿದೀಯಾ" ಅಂದರು.

ಸಿಸ್ಟರುಗಳದ್ದೇ ಬೇರೆ ಲೆಕ್ಕ. ನೇಯ್ದ ಉಣ್ಣೆ, ಎರಡು ಇಂಚು ಉದ್ದ, ಒಂದೂವರೆ ಇಂಚು ಅಗಲ. ಸುತ್ತಲೂ ಕೈಯಲ್ಲಿ ಹಾಕಿದ ಕಂಬಳಿ ಹೊಲಿಗೆ. ಎಳೆ ಎಳೆಗೂ ಅಂತರ ಒಂದೇ ಸಮ, ನನ್ನ ಮಷಿನ್ನಿಗೇ ನಾಚಿಕೆ ಆಗಬೇಕು. ದಾರವನ್ನು ಮೇಲಂಚಿಗೆ ಸುಮ್ನೆ ಹೊಲಿದು ಬಿಟ್ಟಿಲ್ಲ, ಬಟ್ಟೆಯ ಎರಡು ಪದರದ ನಡುವೆ ಒಳಗೆ ತಂದು ಅಡ್ಡ ಟಾಕಿ ಹಾಕಿದ್ದಾರೆ. ಎಳೆದು ನೋಡಿದೆ, ಜಗ್ಗಲಿಲ್ಲ. ದಾರವೂ ಹತ್ತಿಯದು, ಚಪ್ಪಟೆ, ಕುತ್ತಿಗೆಗೆ ಗೊತ್ತೇ ಆಗುವುದಿಲ್ಲ. ಒಂದೇ ದೂರು ಅಂದರೆ ಉದ್ದ. ದೊಡ್ಡವರ ಅಳತೆಯಲ್ಲೇ ಮಾಡಿದ್ದಾರೆ. ಎಂಟು ವರ್ಷದ ಹುಡುಗಿಗೆ ಅದು ಹೊಟ್ಟೆಯವರೆಗೆ ಇಳಿಯುತ್ತೆ. ನಾನೇ ಬಿಚ್ಚಿ ಆರು ಇಂಚು ಕಡಿಮೆ ಮಾಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ. ನನಗೆ ತಲೆಕೆಟ್ಟಿದ್ದು ಅಂಗಡಿಯ ಪ್ಯಾಕೆಟ್ಟಿನ ಜೊತೆ ಬಂದ ಚೀಟಿ ನೋಡಿ. ಅಂಗೈಯಗಲದ ಹಳದಿ ಕಾಗದ. ಅದರಲ್ಲಿ ಎರಡು ಮಾತು. ಇದನ್ನು ಧರಿಸಿ ಸತ್ತವರು ನರಕಕ್ಕೆ ಹೋಗುವುದಿಲ್ಲ. ಸತ್ತ ನಂತರ ಬರುವ ಮೊದಲ ಶನಿವಾರವೇ ಮಾತೆ ಅವರನ್ನು ಶುದ್ಧೀಕರಣ ಸ್ಥಳದಿಂದ (ಸ್ವರ್ಗಕ್ಕೆ ಮೊದಲು ಆತ್ಮ ಶುದ್ಧವಾಗುವ ಜಾಗ) ಬಿಡಿಸುತ್ತಾಳೆ. ಅಷ್ಟೇ. ಷರತ್ತು ಇಲ್ಲ, ವಿವರ ಇಲ್ಲ. ಮಿಕ್ಸಿಗೆ ಕೊಡುವ ವಾರಂಟಿ ಕಾರ್ಡಿನಲ್ಲೂ ಇದಕ್ಕಿಂತ ಜಾಸ್ತಿ ಷರತ್ತು ಇರುತ್ತೆ. ಅಂಗಡಿಯವರನ್ನು ಕೇಳಿದರೆ, "ಅದು ಪ್ರಿಂಟ್ ಆಗೇ ಬರುತ್ತೆ ಮೇಡಂ, ನಾವು ಓದಲ್ಲ" ಅಂದರು.

ಸರಿ, ಮೊದಲನೇ ಮಾತಿನ ಕತೆ ನೋಡೋಣ. ಇಂಗ್ಲೆಂಡಿನ ಸಂತ ಸೈಮನ್ ಸ್ಟಾಕ್ ಕಾರ್ಮೆಲ್ ಸಭೆಯ ಮುಖ್ಯಸ್ಥರಾಗಿದ್ದರು. 1251ರಲ್ಲಿ ಮಾತೆ ಮರಿಯ ಅವರಿಗೆ ದರ್ಶನ ಕೊಟ್ಟು, ಈ ಉಡುಪು ತೊಟ್ಟು ಸಾಯುವವರು ನಿತ್ಯ ಬೆಂಕಿಗೆ ಬೀಳುವುದಿಲ್ಲ ಅಂದಳು ಎಂಬುದು ಸಂಪ್ರದಾಯ. ಇದನ್ನು ಹೇಳುವ ಬರಹಗಳು ಸಿಗುವುದು ನೂರಕ್ಕೂ ಹೆಚ್ಚು ವರ್ಷದ ನಂತರ. ಹಾಗಾಗಿ ಚರಿತ್ರೆಕಾರರು ಇದು ನಡೆದ ಘಟನೆ ಹೌದೋ ಅಲ್ಲವೋ ಅಂತ ವಾದ ಮಾಡುತ್ತಲೇ ಇದ್ದಾರೆ. ನನಗೆ ಅದು ದೊಡ್ಡ ತಕರಾರಲ್ಲ. ಇಂಥ ದರ್ಶನಗಳನ್ನು ನಂಬಲೇಬೇಕು ಅಂತ ನಮ್ಮ ಕಥೋಲಿಕ ಧರ್ಮಸಭೆ ಯಾರ ಮೇಲೂ ಹೇರುವುದಿಲ್ಲ. ನಂಬುವವರು ನಂಬಬಹುದು.

ಶನಿವಾರದ ಮಾತು ಮಾತ್ರ ಬೇರೆ ಥರ. ಅದಕ್ಕೆ ಆಧಾರ ಅಂತ ತೋರಿಸುವುದು 22ನೇ ಜಾನ್ ಪೋಪರು 1322ರಲ್ಲಿ ಹೊರಡಿಸಿದರು ಎನ್ನುವ ಒಂದು ಆಜ್ಞಾಪತ್ರ. ಅದು ಖೋಟಾ ಅಂತ ಚರಿತ್ರೆ ಬಲ್ಲವರು ಹೇಳುತ್ತಾರೆ. ಅದರಲ್ಲೂ ಸುಮ್ನೆ ಹಾಕಿಕೊಂಡರೆ ಸಾಕು ಅಂತ ಇಲ್ಲ. ತನ್ನ ಬಾಳಿನ ಸ್ಥಿತಿಗೆ ತಕ್ಕ ಶುದ್ಧ ನಡತೆ ಬೇಕು, ದಿನನಿತ್ಯದ ನಿಗದಿತ ಪ್ರಾರ್ಥನೆ ಬೇಕು, ಓದು ಬಾರದವರು ಬುಧವಾರ ಶನಿವಾರ ಮಾಂಸ ಬಿಡಬೇಕು. 1613ರಲ್ಲಿ, ಐದನೇ ಪೌಲ್ ಪೋಪರ ಕಾಲದಲ್ಲಿ, ರೋಮ್ ಇದಕ್ಕೆ ಕತ್ತರಿ ಹಾಕಿತು. ಮಾತೆ ದೇವರಲ್ಲಿ ಬೇಡಿಕೊಂಡು ಆತ್ಮಗಳಿಗೆ ನೆರವಾಗುತ್ತಾಳೆ, ವಿಶೇಷವಾಗಿ ಶನಿವಾರ, ಅಂತ ಭಕ್ತಿಯಿಂದ ನಂಬಬಹುದು. ಆದರೆ ಆಕೆಯೇ ಕೆಳಗಿಳಿದು ಆತ್ಮಗಳನ್ನು ಎತ್ತಿಕೊಂಡು ಹೋಗುವ ಹಾಗೆ ಚಿತ್ರ ಬರೆಯಬೇಡಿ ಅಂತ ಹೇಳಿತು. ನಾನೂರು ವರ್ಷದ ಹಿಂದೆಯೇ ತಿದ್ದಿದ್ದನ್ನು ಚೀಟಿ ಮಾಡುವವರು ಇನ್ನೂ ಓದಿಲ್ಲ.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದು. ಕಥೋಲಿಕ ಧರ್ಮಸಭೆ ಯಾರಿಗೂ ಸ್ವರ್ಗದ ಗ್ಯಾರಂಟಿ ಬರೆದುಕೊಡುವುದಿಲ್ಲ. 1547ರಲ್ಲಿ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ ಇದನ್ನು ಬಾಯಿಬಿಟ್ಟೇ ಹೇಳಿತು. ದೇವರು ವಿಶೇಷವಾಗಿ ತಿಳಿಸಿದ್ದರೆ ಬೇರೆ ಮಾತು, ಇಲ್ಲದಿದ್ದರೆ ನಾನು ಕೊನೆಯವರೆಗೂ ಕೃಪೆಯಲ್ಲಿ ಉಳಿದೇ ಉಳಿಯುತ್ತೇನೆ ಅಂತ ಯಾರೂ ಖಡಾಖಂಡಿತವಾಗಿ ಹೇಳುವ ಹಾಗಿಲ್ಲ. ಭರವಸೆ ಇಟ್ಟುಕೊಳ್ಳಿ, ಆದರೆ ಸೀಟು ಬುಕ್ ಆಯಿತು ಅನ್ನಬೇಡಿ. ಗ್ಯಾರಂಟಿ ಕೊಡದ ಧರ್ಮಕ್ಕೆ ಇವರು ಗ್ಯಾರಂಟಿ ಚೀಟಿ ಅಂಟಿಸಿದ್ದಾರೆ!

ಹಾಗಾದರೆ ದಾರಿ ಯಾವುದು? ನಾನು ಧರ್ಮೋಪದೇಶದಲ್ಲಿ ಕಲಿತದ್ದು, ಈಗ ಮಕ್ಕಳಿಗೆ ಹೇಳಿಕೊಡುವುದು ಇಷ್ಟು. ರಕ್ಷಣೆ ಯೇಸುವಿನ ಮರಣ, ಪುನರುತ್ಥಾನದಿಂದ ಬರುವಂಥದ್ದು. ಮೊದಲ ಹೆಜ್ಜೆ ದೇವರದ್ದು, ಅದನ್ನು ನಾವು ಸಂಪಾದಿಸಿಕೊಂಡದ್ದಲ್ಲ. ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಂ) ಆ ಕೃಪೆ ನಮ್ಮೊಳಗೆ ಬರುತ್ತದೆ. ಮಾರಕ ಪಾಪ ಮಾಡಿದರೆ ಅದನ್ನು ಕಳೆದುಕೊಳ್ಳುತ್ತೇವೆ. ಮಾರಕ ಅನ್ನಿಸಿಕೊಳ್ಳಲು ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ತಪ್ಪು ಅಂತ ಚೆನ್ನಾಗಿ ಗೊತ್ತಿರಬೇಕು, ಬೇಕೆಂದೇ ಮಾಡಿರಬೇಕು. ಕಳೆದುಕೊಂಡದ್ದನ್ನು ಪಾಪನಿವೇದನೆಯಲ್ಲಿ, ಅಂದರೆ ಫಾದರ್ ಮುಂದೆ ಪಾಪ ಒಪ್ಪಿಕೊಂಡು, ಮತ್ತೆ ಪಡೆಯಬಹುದು. ಕೃಪೆಯಲ್ಲಿ ಸತ್ತವರಿಗೆ ಸ್ವರ್ಗ. ಇನ್ನೂ ಕೊಳೆ ಉಳಿದಿದ್ದರೆ ಮೊದಲು ಶುದ್ಧೀಕರಣ. ಜನ ಇಲ್ಲಿ ಜಾಸ್ತಿ ತಪ್ಪು ತಿಳಿಯುತ್ತಾರೆ. ಶುದ್ಧೀಕರಣ ಸ್ಥಳ ಅನ್ನುವುದು ಫೇಲಾದವರಿಗೆ ಮರುಪರೀಕ್ಷೆ ಅಲ್ಲ. ಅಲ್ಲಿರುವವರೆಲ್ಲ ಪಾಸಾದವರೇ, ಸ್ವರ್ಗ ಸೇರುವುದು ಖಚಿತ. ಅವರಿಗಾಗಿ ನಾವು ಇಲ್ಲಿ ಪ್ರಾರ್ಥಿಸಬಹುದು, ಪೂಜೆ ಕೊಡಿಸಬಹುದು. ನವೆಂಬರ್ ತಿಂಗಳಲ್ಲಿ ಸಮಾಧಿ ತೊಳೆದು ಮೇಣದ ಬತ್ತಿ ಹಚ್ಚುವುದು ಅದಕ್ಕೇ.

ಈ ಚಿತ್ರದಲ್ಲಿ ಸ್ಕ್ಯಾಪ್ಯುಲರ್ ಎಲ್ಲಿದೆ? ಇದು ಸಂಸ್ಕಾರ ಅಲ್ಲ. ಜ್ಞಾನಸ್ನಾನ, ಪರಮಪ್ರಸಾದದ ಸಾಲಿನಲ್ಲಿ ಇದನ್ನು ಕೂರಿಸುವುದಿಲ್ಲ. ಧರ್ಮಸಭೆಯ ಪ್ರಾರ್ಥನೆಯ ಬಲದಿಂದ ಮನಸ್ಸನ್ನು ಕೃಪೆಗೆ ಸಿದ್ಧ ಮಾಡುವ ಪವಿತ್ರ ವಸ್ತು, ತೀರ್ಥದ ಹಾಗೆ, ಗರಿಗಳ ಹಬ್ಬದ ಗರಿಯ ಹಾಗೆ. ಎರಡನೇ ಜಾನ್ ಪೌಲ್ ಪೋಪರು ಹುಡುಗನಾಗಿದ್ದಾಗಿಂದ ಇದನ್ನು ಹಾಕಿಕೊಂಡವರು. 2001ರಲ್ಲಿ ಕಾರ್ಮೆಲ್ ಸಭೆಯವರಿಗೆ ಬರೆದ ಪತ್ರದಲ್ಲಿ ಅವರು ಎರಡು ವಿಷಯ ಹೇಳಿದರು. ಬದುಕಿನಲ್ಲೂ ಸಾವಿನ ಗಳಿಗೆಯಲ್ಲೂ ಮಾತೆಯ ಕಾವಲು ಇದೆ. ಮತ್ತೆ, ಭಕ್ತಿ ಅಂದರೆ ಯಾವಾಗಲೋ ಒಮ್ಮೆ ಹೇಳುವ ಜಪ ಮಾತ್ರ ಅಲ್ಲ, ಮೈಮೇಲಿನ ಬಟ್ಟೆಯಂತೆ ದಿನದ ನಡತೆಯೇ ಆಗಬೇಕು. ಟೈಲರ್ ಆದ ನನಗೆ ಈ ಎರಡನೇ ಮಾತು ತುಂಬ ಹಿಡಿಸಿತು. ಚೀಟಿಯಲ್ಲಿ ಇರಬೇಕಾದದ್ದು ಇದು.

ನನ್ನ ಟೈಲರಿಂಗ್ ಅಂಗಡಿಯಲ್ಲಿ ಮೂರನ್ನೂ ಟೇಬಲ್ ಮೇಲೆ ಹರಡಿಕೊಂಡು ಕೂತಿದ್ದಾಗ ಪಕ್ಕದ ಬೀದಿಯ ಹುಡುಗಿಯೊಬ್ಬಳು ಬ್ಲೌಸ್ ತಗೊಂಡು ಹೋಗಲು ಬಂದಳು. ಒಂದನ್ನು ಎತ್ತಿ ನೋಡಿ, "ಅಕ್ಕ, ಇದು ನಮ್ಮ ತಾಯಿತದ ಥರಾನಾ?" ಅಂದಳು. ಪ್ರಾಮಾಣಿಕವಾಗಿ ಹೇಳುತ್ತೇನೆ, ನಮ್ಮಲ್ಲೂ ಬಹಳ ಜನ ಹಾಗೇ ಹಾಕಿಕೊಳ್ಳುತ್ತಾರೆ. ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಾನೆ, ಸ್ನಾನಕ್ಕೆ ಹೋಗುವಾಗ ಮಾತ್ರ ಸ್ಕ್ಯಾಪ್ಯುಲರ್ ತೆಗೆಯಲು ಹೆದರುತ್ತಾನೆ. ನಮ್ಮ ಧರ್ಮೋಪದೇಶದ ಕ್ಯಾಟೆಕಿಸಂ ಪುಸ್ತಕ ಇದಕ್ಕೆ ನೇರವಾಗಿ ಮೂಢನಂಬಿಕೆ ಅನ್ನುತ್ತದೆ. ಒಳಗಿನ ಮನಸ್ಸು ಬಿಟ್ಟು ಹೊರಗಿನ ಆಚರಣೆಯಲ್ಲೇ ಶಕ್ತಿ ಇದೆ ಅಂದುಕೊಂಡರೆ ಅದೇ ಮೂಢನಂಬಿಕೆ. ಹಾಗೇ ಅವಳಿಗೂ ಹೇಳಿದೆ.

ಅವಳು ಚೀಟಿಯನ್ನೂ ಓದಿದ್ದಳು. "ಹಾಗಾದ್ರೆ ಹಾಕ್ಕೊಳ್ಳದೇ ಇರೋ ನಾವೆಲ್ಲ ನರಕಕ್ಕಾ ಅಕ್ಕ?" ಅಂತ ನಕ್ಕಳು. ನಕ್ಕರೂ ಪ್ರಶ್ನೆ ಸಣ್ಣದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತನನ್ನು, ಧರ್ಮಸಭೆಯನ್ನು ಅರಿಯದವರು ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿಗೆ ತಕ್ಕಂತೆ ನಡೆದರೆ ಅವರೂ ರಕ್ಷಣೆ ಪಡೆಯಬಹುದು. ಕೃಪೆ ಅಲ್ಲೂ ಕೆಲಸ ಮಾಡುತ್ತದೆ. ಇನ್ನೊಂದು ವಿಷಯ, ಧರ್ಮಸಭೆ ಸಾವಿರಾರು ಜನರನ್ನು ಸಂತರು ಅಂತ ಘೋಷಿಸಿದೆ. ಇಂಥವರು ನರಕದಲ್ಲಿದ್ದಾರೆ ಅಂತ ಒಬ್ಬರ ಹೆಸರನ್ನೂ ಘೋಷಿಸಿಲ್ಲ. "ಹಂಗಾದ್ರೆ ಪರವಾಗಿಲ್ಲ ಬಿಡಿ" ಅಂತ ಹೇಳಿ, ತೋಳು ಬಿಗಿಯಾಗಿದೆ ಅಂತ ಬ್ಲೌಸ್ ವಾಪಸ್ ಕೊಟ್ಟು ಹೋದಳು.

ನನ್ನ ಮೈದುನ ಮದುವೆಯಾದ ಮೇಲೆ ಹೆಂಡತಿಯ ಜೊತೆ ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟಂಟರದ್ದು) ಚರ್ಚಿಗೆ ಹೋಗುತ್ತಾನೆ. ಅವನದ್ದು ಬೇರೆ ಆಕ್ಷೇಪ. "ಅತ್ತಿಗೆ, ಯೇಸು ಶಿಲುಬೆ ಮೇಲೆ ಮುಗಿಸಿದ ಕೆಲಸಕ್ಕೆ ನೀವು ತೇಪೆ ಹಾಕ್ತಾ ಇದೀರಾ?" ಟೈಲರಿಗೆ ಚುಚ್ಚುವ ಮಾತು ಚೆನ್ನಾಗಿ ಹುಡುಕಿದ್ದಾನೆ. ಬೈಬಲಿನ ಎಫೆಸದವರಿಗೆ ಬರೆದ ಪತ್ರ ಎರಡನೇ ಅಧ್ಯಾಯ ಬಾಯಿಪಾಠ ಹೇಳಿದ: ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಕ್ರಿಯೆಗಳಿಂದ ಅಲ್ಲ. ನಾನು ಯಕೋಬನ ಪತ್ರ ಎರಡನೇ ಅಧ್ಯಾಯ ಹೇಳಿದೆ: ಕ್ರಿಯೆ ಇಲ್ಲದ ವಿಶ್ವಾಸ ಸತ್ತದ್ದು. ಐನೂರು ವರ್ಷದ ಜಗಳ ಒಂದು ಭಾನುವಾರದ ಊಟಕ್ಕೆ ಮುಗಿಯುತ್ತಾ? ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರು, ಪ್ರಾಟೆಸ್ಟಂಟರಲ್ಲಿ ಒಂದು ಪಂಗಡವಾದ ಲೂಥರನ್ನರು ಒಟ್ಟಿಗೆ ಕೂತು ಒಂದು ಘೋಷಣೆಗೆ ಸಹಿ ಹಾಕಿದರು. ನಾವು ದೇವರಿಗೆ ಒಪ್ಪಿಗೆಯಾಗುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದಲ್ಲ, ಒಳ್ಳೆಯ ಕೆಲಸ ಆ ಕೃಪೆಯ ಫಲ ಅನ್ನುವುದು ಅದರ ತಿರುಳು. 2006ರಲ್ಲಿ ಇನ್ನೊಂದು ಪ್ರಾಟೆಸ್ಟಂಟ್ ಪಂಗಡದವರಾದ ಮೆಥಡಿಸ್ಟರೂ ಸೇರಿಕೊಂಡರು. ಅವನಿಗೆ ಇದು ಗೊತ್ತಿರಲಿಲ್ಲ. ಮಾತೆಗೆ ಮೊರೆಯಿಡುವ ವಿಷಯದಲ್ಲಿ ಮಾತ್ರ ಅವನು ಒಂದಿಂಚೂ ಜಗ್ಗಲಿಲ್ಲ, ನಾನೂ ಅಷ್ಟೇ. ಚೀಟಿ ಕೆಟ್ಟದ್ದು ಅನ್ನುವುದರಲ್ಲಿ ಇಬ್ಬರೂ ಒಂದೇ.

ಇಷ್ಟೆಲ್ಲ ಹೇಳಿದ ಮೇಲೆ ಯಾಕೆ ಕೊಳ್ಳಬೇಕು ಅಂತ ಕೇಳಬಹುದು. ನಾನು ಕೊಳ್ಳಿ ಅಂತಲೇ ಹೇಳುತ್ತೇನೆ. ಹಾರೋಬೆಲೆಯ ನಮ್ಮ ಅಜ್ಜಿಯ ಕೊರಳಲ್ಲಿ ಇದು ಇತ್ತು. ಬಣ್ಣ ಹೋಗಿ ರಾಗಿಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಬೈಗುಳ ಬಾಯಿಗೆ ಬಂದಾಗ ಆಕೆ ರವಿಕೆಯ ಮೇಲಿಂದ ಅದನ್ನೊಮ್ಮೆ ಮುಟ್ಟಿಕೊಳ್ಳುತ್ತಿದ್ದಳು, ಅರ್ಧ ಸಲ ಬೈಗುಳ ನಿಲ್ಲುತ್ತಿತ್ತು. ಇನ್ನರ್ಧ ಸಲ ನಮಗೆ ಬೀಳುತ್ತಿತ್ತು, ಶನಿವಾರ ಪಾಪನಿವೇದನೆಗೆ ಹೋಗುತ್ತಿದ್ದಳು. ಈ ಸಾಮಾನನ್ನು ಸರಿಯಾಗಿ ಬಳಸುವುದು ಅಂದರೆ ಹೀಗೆ. ನರಕದ ಭಯಕ್ಕೆ ವಿಮೆ ಬೇಕು ಅಂತ ಕೊಳ್ಳುವವರಿಗೆ ಇದು ಬೇಡ. ಅವರು ಮೂವತ್ತು ರೂಪಾಯಿ ಉಳಿಸಿ ಪಾಪನಿವೇದನೆಗೆ ಹೋಗಲಿ, ಅದಕ್ಕೆ ದುಡ್ಡೂ ಇಲ್ಲ.

ಕೊಂಡ ಮೇಲೆ ಗುರುಗಳ ಹತ್ತಿರ ಹೋಗಬೇಕು. ಅವರು ಮಂತ್ರಿಸಿ, ಪ್ರಾರ್ಥನೆ ಹೇಳಿ ತೊಡಿಸುತ್ತಾರೆ. ಕಾರ್ಮೆಲ್ ಸಭೆಯವರೇ ಆಗಬೇಕಿಲ್ಲ, ನಿಮ್ಮ ಧರ್ಮಕೇಂದ್ರದ ಫಾದರ್ ಸಾಕು. ಮಂಗಳೂರು ಕಡೆಯವರಾದರೆ ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರ ಕಾರ್ಮೆಲ್ ಸಭೆಯವರದ್ದೇ, ಅಲ್ಲಿ ಕೇಳಬಹುದು. ತೊಡಿಸುವ ವಿಧಿ ಜೀವನದಲ್ಲಿ ಒಂದೇ ಸಲ. ಆಮೇಲೆ ಹರಿದರೆ ಹೊಸದು ತಂದು ಹಾಗೇ ಹಾಕಿಕೊಳ್ಳಬಹುದು, ಮತ್ತೆ ಮಂತ್ರಿಸಬೇಕಿಲ್ಲ. ಬಟ್ಟೆ ಆಗದವರಿಗೆ, ಉಣ್ಣೆ ಚರ್ಮಕ್ಕೆ ತುರಿಕೆ ಆಗುವವರಿಗೆ, ಲೋಹದ ಪದಕ ಇದೆ. ಒಂದು ಕಡೆ ಯೇಸುವಿನ ಪವಿತ್ರ ಹೃದಯ, ಇನ್ನೊಂದು ಕಡೆ ಮಾತೆ. ಹತ್ತನೇ ಪಯಸ್ ಪೋಪರು 1910ರಲ್ಲಿ ಒಪ್ಪಿಗೆ ಕೊಟ್ಟದ್ದು. ಆದರೆ ಪದಕ ಬದಲಿಸಿದರೆ ಪ್ರತಿ ಸಲವೂ ಮಂತ್ರಿಸಬೇಕು. ಬೆಂಗಳೂರಿನ ಚಳಿಗೆ ಉಣ್ಣೆ ನಡೆಯುತ್ತೆ. ಕರಾವಳಿಯ ಮೇ ತಿಂಗಳಿಗೆ ಪದಕವೇ ವಾಸಿ.

ತೊಳೆಯುವುದು ತಣ್ಣೀರಿನಲ್ಲಿ, ಶ್ಯಾಂಪೂ ಎರಡು ಹನಿ. ಬ್ರಷ್ ಹಾಕಬೇಡಿ, ಹಿಂಡಬೇಡಿ, ಟವೆಲಿನ ಮಧ್ಯೆ ಇಟ್ಟು ಒತ್ತಿ ನೆರಳಲ್ಲಿ ಒಣಗಿಸಿ. ಬಿಸಿನೀರಿಗೆ ಹಾಕಿದರೆ ಎರಡಿಂಚಿನ ಉಣ್ಣೆ ಒಂದೂವರೆ ಇಂಚಾಗುತ್ತೆ. ಪೂರ್ತಿ ಸವೆದದ್ದನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಸುಡಬೇಕು ಇಲ್ಲವೇ ಮಣ್ಣಲ್ಲಿ ಹೂಳಬೇಕು. ಸಣ್ಣ ಮಕ್ಕಳಿಗೆ ರಾತ್ರಿ ತೆಗೆದಿಡಿ, ದಾರ ಕತ್ತಿಗೆ ಸುತ್ತಿಕೊಳ್ಳಬಹುದು. ತೆಗೆದಿಟ್ಟರೆ ಪಾಪ ಏನಿಲ್ಲ. ಶಾಲೆಗೆ ಹಾಕಿ ಕಳಿಸುವುದಾದರೆ ಐಡಿ ಕಾರ್ಡಿನ ಟ್ಯಾಗ್ ಜೊತೆ ಗಂಟು ಬೀಳುತ್ತೆ. ಹಿಂದಿನ ತುಂಡನ್ನು ಒಳಂಗಿಗೆ ಸಣ್ಣ ಪಿನ್ನಿನಿಂದ ಸಿಕ್ಕಿಸಿ, ತಂಗಿಯ ಮಗಳಿಗೆ ಹಾಗೇ ಮಾಡಿಕೊಟ್ಟಿದ್ದೇನೆ.